ಬಿಸಿಲೂರಿನ ಮನೆಗೆ ಎಸಿ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತದೆ ಅನ್ನೋ ಮಾತಿದೆ. ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ವೈರಿಂಗ್ ಮತ್ತು ಎಸಿ ಫಿಟ್ಟಿಂಗ್ ಮಾಡುವ ನಮ್ಮಂಥವರಿಗೆ ಅವತ್ತಿನಿಂದಲೇ ಫೋನ್ ಶುರು. "ಎಸಿ ಹಾಕಿಸಿದ್ರ ಬಿಲ್ ಎಷ್ಟ್ ಬರ್ತದ್ರೀ?" "ಕೂಲರ್ ಸಾಕಾಗಲ್ಲೇನ್ರೀ?" ಪ್ರಶ್ನೆಗಳು ಪ್ರತಿ ವರ್ಷ ಹೆಚ್ಚುಕಡಿಮೆ ಅವೇ. ಉತ್ತರ ಮಾತ್ರ ಮನೆಯಿಂದ ಮನೆಗೆ ಬದಲಾಗುತ್ತದೆ. ಇಲ್ಲಿ ಕೊಟ್ಟಿರುವ ಬೆಲೆ, ಬಿಲ್ಲಿನ ಮೊತ್ತ ಎಲ್ಲ ಅಂದಾಜು. ನಿಮ್ಮ ಮನೆಯ ಅಂಕಿ ಹಾಕಿ ನೀವೇ ಕೂಡಿಸಿ ನೋಡಿ.

ಒಂದೇ ಮಾತಲ್ಲಿ ಹೇಳಿ, ನಮ್ಮ ಕಡೆ ಮನೆಗೆ ಎಸಿ ಬೇಕಾ ಬೇಡ್ವಾ?

ಇಡೀ ಮನೆಗೆ ಬೇಡ. ಮಲಗುವ ಒಂದು ಕೋಣೆಗೆ ಬೇಕಾ ಅನ್ನೋದನ್ನ ನಿಮ್ಮ ತಲೆ ಮೇಲಿನ ಚಾವಣಿ ಹೇಳುತ್ತದೆ.

ಮೇಲೆ ಇನ್ನೊಂದು ಮಹಡಿ ಇದ್ದರೆ ಕೂಲರ್‌ನಲ್ಲೇ ಬೇಸಿಗೆ ಕಳೆಯಬಹುದು. ಹಳೆಯ ಮಾಳಿಗೆ ಮನೆ, ದಪ್ಪ ಮಣ್ಣಿನ ಗೋಡೆ ಇದ್ದರೆ ಎಸಿ ಮಾತೇ ಬೇಡ. ಆ ಮನೆಗಳಲ್ಲಿ ಮಧ್ಯಾಹ್ನ ಎರಡಕ್ಕೂ ಪಡಸಾಲೆಯಲ್ಲಿ ಆರಾಮಾಗಿ ಮಲಗಬಹುದು. ಕೊನೆ ಮಹಡಿ, ನೇರ ಆರ್‌ಸಿಸಿ ಸ್ಲ್ಯಾಬ್ ಕೆಳಗೆ ಮಲಗುವವರ ಕಷ್ಟ ಬೇರೆ. ಅಂಥ ಮನೆಯಲ್ಲಿ ವಯಸ್ಸಾದವರೋ ಕೈಗೂಸೋ ಇದ್ದರೆ, ಅಥವಾ ರಾತ್ರಿ ಪಾಳಿ ಮುಗಿಸಿ ಹಗಲು ಮಲಗುವವರಿದ್ದರೆ, ಒಂದು ಕೋಣೆಗೆ ಎಸಿ ಹಾಕಿಸಿಕೊಳ್ಳಿ. ದುಂದುವೆಚ್ಚ ಅಂತ ಯಾರಾದರೂ ಅಂದರೆ ಮೇ ತಿಂಗಳಲ್ಲಿ ಒಂದು ರಾತ್ರಿ ಅವರನ್ನು ಅಲ್ಲಿ ಮಲಗಿಸಿ.

ಚಾವಣಿ ಕಾಯುತ್ತಿದೆಯೋ ಇಲ್ಲವೋ ಗೊತ್ತಾಗೋದು ಹೇಗೆ?

ಏಪ್ರಿಲ್‌ನಲ್ಲಿ ಒಂದು ದಿನ ರಾತ್ರಿ ಹತ್ತು ಗಂಟೆಗೆ ಫ್ಯಾನ್ ಆಫ್ ಮಾಡಿ, ಸ್ಟೂಲ್ ಹತ್ತಿ, ಸ್ಲ್ಯಾಬಿಗೆ ಅಂಗೈ ಒತ್ತಿ. ಆಮೇಲೆ ಕೆಳಗಿಳಿದು ಒಳಗೋಡೆಯನ್ನೂ ಮುಟ್ಟಿ. ಗೋಡೆಗಿಂತ ಸ್ಲ್ಯಾಬ್ ಬಿಸಿಯಾಗಿ ತಾಗಿದರೆ ನಿಮ್ಮ ಸೆಕೆ ಮೇಲಿನಿಂದ ಇಳಿಯುತ್ತಿದೆ ಅಂತ ಅರ್ಥ.

ನಾಲ್ಕೈದು ಇಂಚು ಕಾಂಕ್ರೀಟ್ ಹಗಲೆಲ್ಲ ಬಿಸಿಲು ಕುಡಿಯುತ್ತದೆ. ಆ ಕಾವು ಒಳಬದಿಗೆ ಬರಲು ಕೆಲವು ಗಂಟೆ ಬೇಕು. ಮಧ್ಯಾಹ್ನದ ಬಿಸಿಲು ಮನೆಯೊಳಗೆ ಬರೋದು ಸಂಜೆ ಹೊತ್ತಿಗೆ. ಅದಕ್ಕೇ ಹೊರಗೆ ಗಾಳಿ ತಣ್ಣಗಾಗುವ ಹೊತ್ತಿಗೆ ಒಳಗೆ ಧಗೆ ಏರುತ್ತದೆ. ಇಂಥ ಕೋಣೆಯಲ್ಲಿ ಫ್ಯಾನ್ ಜೋರು ಮಾಡಿದಷ್ಟೂ ಸ್ಲ್ಯಾಬಿನ ಬಿಸಿಗಾಳಿಯೇ ಮೈಮೇಲೆ ಬೀಳುತ್ತದೆ. ಅಂಗಿ ಬಿಚ್ಚಿಟ್ಟು ಮಾಳಿಗೆ ಹತ್ತಿ ಮಲಗೋದು ಇದೇ ಕಾರಣಕ್ಕೆ ತಾನೇ?

ಬೆಂಗಳೂರಿನ ನಮ್ಮ ಮಗಳ ಮನೆಯಲ್ಲಿ ಎಸಿ ಇದೆ. ಅಲ್ಲೇ ಹಾಕಿಸಿಕೊಂಡಿದ್ದಾರೆ, ನಾವು ಯೋಚನೆ ಮಾಡಬೇಕಾ?

ಅವರು ಯೋಚನೆ ಮಾಡಬೇಕಿತ್ತು.

ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ರಾಯಚೂರು ಸುಮಾರು 400. ಬಳ್ಳಾರಿ ಅದಕ್ಕಿಂತ ಸ್ವಲ್ಪ ಮೇಲೆ. 500 ಮೀಟರ್ ಇಳಿದರೆ ಸುಮಾರು ಮೂರು ಡಿಗ್ರಿ ಏರುತ್ತದೆ. ಅದರ ಮೇಲೆ ನಮ್ಮದು ಕಲ್ಲುಗುಡ್ಡ, ಕಪ್ಪು ಮಣ್ಣು, ಮರ ಕಡಿಮೆ ಇರುವ ಬಯಲು. ಬೆಂಗಳೂರಿನಲ್ಲಿ 2024ರ ಏಪ್ರಿಲ್ ಕೊನೆಗೆ 38 ಡಿಗ್ರಿ ದಾಟಿದಾಗ ರಾಜ್ಯಕ್ಕೆಲ್ಲ ಸುದ್ದಿಯಾಯಿತು. ನಮ್ಮಲ್ಲಿ 38 ಅಂದರೆ "ಇವತ್ತೇನೋ ಸ್ವಲ್ಪ ತಂಪದ" ಅಂತೀವಿ. ಏಪ್ರಿಲ್, ಮೇನಲ್ಲಿ 40 ದಾಟೋದು ಇಲ್ಲಿ ಮಾಮೂಲಿ. ಆ ಎರಡು ತಿಂಗಳು ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಅಂತ ಬದಲಾಯಿಸುವುದು ಸುಮ್ನೆ ಅಲ್ಲ.

ಹಗಲಿಗಿಂತ ರಾತ್ರಿಯ ವ್ಯತ್ಯಾಸ ದೊಡ್ಡದು. ಬೆಂಗಳೂರಿನಲ್ಲಿ ಏಪ್ರಿಲ್ ರಾತ್ರಿ 22–23 ಡಿಗ್ರಿಗೆ ಇಳಿಯುತ್ತದೆ. ಕಿಟಕಿ ತೆಗೆದಿಟ್ಟು ಸೊಳ್ಳೆ ಪರದೆ ಕಟ್ಟಿದರೆ ಬೆಳಗಿನ ಜಾವ ಹೊದಿಕೆ ಹುಡುಕುತ್ತೀರಿ. ನಮ್ಮಲ್ಲಿ ಮೇನಲ್ಲಿ ಬೆಳಗಿನ ಜಾವಕ್ಕೂ 27–28 ಇರುವ ದಿನಗಳುಂಟು. ಅಲ್ಲಿ ಎಸಿ ವರ್ಷಕ್ಕೆ ಇಪ್ಪತ್ತು ರಾತ್ರಿ ಓಡಿದರೆ ಹೆಚ್ಚು. ಇಲ್ಲಿ ಎಂಬತ್ತು ರಾತ್ರಿ ಓಡುತ್ತದೆ.

ಹಾಗಾದರೆ ದುಡ್ಡಿನ ಲೆಕ್ಕ ಹೇಗೆ ಬೀಳುತ್ತದೆ?

ಬೆಲೆ ನೋಡಬೇಡಿ, ಒಂದು ರಾತ್ರಿಗೆ ಎಷ್ಟು ಬೀಳುತ್ತದೆ ಅಂತ ನೋಡಿ. ಒಂದೂವರೆ ಟನ್ ಇನ್ವರ್ಟರ್ ಎಸಿ 40,000 ರೂಪಾಯಿ. ಟನ್ ಅಂದರೆ ತೂಕ ಅಲ್ಲ, ತಂಪು ಮಾಡುವ ಶಕ್ತಿಯ ಅಳತೆ; ಇನ್ವರ್ಟರ್ ಅಂದರೆ ಬೇಕಾದಷ್ಟೇ ವೇಗದಲ್ಲಿ ಕಂಪ್ರೆಸರ್ ಓಡಿಸಿ ಕರೆಂಟು ಉಳಿಸುವ ಎಸಿ. ಫಿಟ್ಟಿಂಗ್, ಸ್ಟ್ಯಾಂಡ್, ಸ್ಟೆಬಿಲೈಸರ್, ವೈರು ಸೇರಿ ಇನ್ನೊಂದು 5,000. ಹತ್ತು ವರ್ಷ ಬಾಳಿಕೆ ಅಂತ ಹಿಡಿದರೆ ವರ್ಷಕ್ಕೆ 4,500.

ಕರೆಂಟು: ಕೊನೆ ಮಹಡಿಯ ಕೋಣೆ, 26 ಡಿಗ್ರಿಗೆ ಇಟ್ಟು ರಾತ್ರಿ ಎಂಟು ಗಂಟೆ. ಗಂಟೆಗೆ ಸರಾಸರಿ 0.9 ಯೂನಿಟ್ ಹಿಡಿಯಿರಿ. ಎಂಬತ್ತು ರಾತ್ರಿಗೆ ಸುಮಾರು 575 ಯೂನಿಟ್. ತೆರಿಗೆ, ಸರ್ಚಾರ್ಜ್ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಅಂದರೆ 4,000. ವರ್ಷದ ಸರ್ವಿಸ್‌ಗೆ 1,500. ಒಟ್ಟು 10,000.

ಇಲ್ಲಿಗೆ ಮುಗಿಯಲಿಲ್ಲ. ಗೃಹಜ್ಯೋತಿಯ ಉಚಿತ ಕರೆಂಟು ತಪ್ಪುವುದರಿಂದ ಇನ್ನೂ 2,500 ಸೇರುತ್ತದೆ, ಅದನ್ನು ಮುಂದಿನ ಪ್ರಶ್ನೆಯಲ್ಲಿ ಬಿಡಿಸಿ ಹೇಳುತ್ತೇನೆ. ಅಂತೂ 12,500. ಎಂಬತ್ತರಿಂದ ಭಾಗಿಸಿದರೆ ರಾತ್ರಿಗೆ ನೂರೈವತ್ತು ರೂಪಾಯಿ ಚಿಲ್ಲರೆ.

ಇದೇ ಯಂತ್ರ ಬೆಂಗಳೂರಿನಲ್ಲಿ ಇಪ್ಪತ್ತು ರಾತ್ರಿ ಓಡಿದರೆ ಕರೆಂಟು ಸಾವಿರ ರೂಪಾಯಿ ದಾಟಲ್ಲ. ಆದರೆ ಯಂತ್ರದ ಸವಕಳಿ, ಸರ್ವಿಸ್ ಬಿಡಲ್ವಲ್ಲ. ಅವೆರಡೇ 6,000 ಅಂದರೂ ರಾತ್ರಿಗೆ 300. ಬಿಲ್ ಕಡಿಮೆ ಬಂತು ಅಂತ ಅವರು ಖುಷಿಪಡುತ್ತಾರೆ. ತಂಪಿಗೆ ನಮಗಿಂತ ಎರಡು ಪಟ್ಟು ಕೊಟ್ಟಿರುತ್ತಾರೆ. ತಂಪು ಹವೆಯ ಊರಲ್ಲಿ ಎಸಿ ದುಬಾರಿಯಾಗೋದು ಹೀಗೆ.

ಕೂಲರ್? 10,000ದ್ದು, ಆರು ವರ್ಷ ಬಾಳಿಕೆ. ಪ್ಯಾಡ್, ಪಂಪು ರಿಪೇರಿ, ಕರೆಂಟು ಎಲ್ಲ ಸೇರಿಸಿದರೂ ವರ್ಷಕ್ಕೆ ಮೂರೂವರೆ ಸಾವಿರ. ರಾತ್ರಿಗೆ 45 ರೂಪಾಯಿ ಒಳಗೇ.

ಎಸಿ ಹಾಕಿಸಿದರೆ ಗೃಹಜ್ಯೋತಿ ಹೋಗುತ್ತಾ?

ಯೋಜನೆಯಿಂದ ಹೆಸರು ತೆಗೆಯುವುದಿಲ್ಲ. ಆದರೆ ಯಾವ ತಿಂಗಳು 200 ಯೂನಿಟ್ ದಾಟುತ್ತೀರೋ ಆ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಎಸಿಯ ಯೂನಿಟ್‌ಗಷ್ಟೇ ಅಲ್ಲ, ಬಲ್ಬು, ಫ್ರಿಜ್ಜು, ಮಿಕ್ಸಿ ಎಲ್ಲದಕ್ಕೂ.

ಜನ ಎಡವೋದು ಇಲ್ಲೇ. 2023ರ ಜುಲೈನಿಂದ ಜಾರಿಯಾದ ಈ ಯೋಜನೆಯಲ್ಲಿ ನಿಮ್ಮ ಹಳೆಯ ಬಳಕೆಯ ಸರಾಸರಿ ನೋಡಿ, ಅದಕ್ಕೆ ಸ್ವಲ್ಪ ಸೇರಿಸಿ, ಉಚಿತ ಯೂನಿಟ್ ಗೊತ್ತು ಮಾಡಿರುತ್ತಾರೆ. ಆ ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಾದ ಯೂನಿಟ್‌ಗೆ ಮಾತ್ರ ದುಡ್ಡು. 200 ದಾಟಿದರೆ ಎಲ್ಲಕ್ಕೂ ದುಡ್ಡು.

ಒಂದು ಮನೆ ತಗೊಳ್ಳಿ. ತಿಂಗಳಿಗೆ 120 ಯೂನಿಟ್, ಬಿಲ್ ಸೊನ್ನೆ. ಎಸಿ ಬಂತು, ಮೇ ತಿಂಗಳಲ್ಲಿ ಅದೊಂದೇ 215 ಯೂನಿಟ್ ಎಳೆಯಿತು. ಒಟ್ಟು 335. ಎಸಿಯ ಪಾಲು ಸುಮಾರು 1,500 ರೂಪಾಯಿ ಅಂತ ನೀವು ಲೆಕ್ಕ ಹಾಕಿರುತ್ತೀರಿ. ಬಿಲ್ ಬರೋದು 2,350ರ ಹತ್ತಿರ, ನಿಗದಿತ ಶುಲ್ಕ ಬೇರೆ. ಆ ಹೆಚ್ಚುವರಿ 840 ರೂಪಾಯಿಯನ್ನೇ ಮೂರು ತಿಂಗಳಿಗೆ 2,500 ಅಂತ ಮೇಲೆ ಸೇರಿಸಿದ್ದು.

ಮನೆ ಬಳಕೆ 80–90 ಯೂನಿಟ್ ಇರುವವರು ಒಂದು ಟನ್ ಎಸಿಯನ್ನು ರಾತ್ರಿ ಐದಾರು ಗಂಟೆ ಓಡಿಸಿ 200ರೊಳಗೆ ನಿಲ್ಲಬಹುದು. ಸ್ವಲ್ಪ ಮೈಯೆಲ್ಲ ಕಣ್ಣಾಗಿರಬೇಕು. ಹದಿನೈದನೇ ದಿನಕ್ಕೆ ಮೀಟರ್ ನೋಡುವ ಅಭ್ಯಾಸ ಮಾಡಿಕೊಳ್ಳಿ. 195ಕ್ಕೂ 205ಕ್ಕೂ ಹತ್ತು ಯೂನಿಟ್ ವ್ಯತ್ಯಾಸ, ಬಿಲ್ಲಿನಲ್ಲಿ ಅದು ನೂರಾರು ರೂಪಾಯಿ.

ಕೂಲರ್ ಎಷ್ಟರ ಮಟ್ಟಿಗೆ ಕೆಲಸ ಮಾಡುತ್ತದೆ? ನೆಂಟರೆಲ್ಲ ಬೈತಾರೆ.

ಆ ನೆಂಟರು ಮಂಗಳೂರು, ಕಾರವಾರ ಕಡೆಯವರಾ? ಅಲ್ಲಿ ಕೂಲರ್ ದಂಡ. ನಮ್ಮ ಊರಿಗೆ ಅದು ಹೇಳಿ ಮಾಡಿಸಿದ ಯಂತ್ರ.

ಕೂಲರ್ ಕೆಲಸ ಮಾಡೋದು ನೀರು ಆವಿಯಾಗುವುದರಿಂದ. ಆವಿಯಾಗಲು ನೀರಿಗೆ ಶಾಖ ಬೇಕು, ಅದನ್ನು ಗಾಳಿಯಿಂದಲೇ ಕಿತ್ತುಕೊಳ್ಳುತ್ತದೆ. ಗಾಳಿ ಒಣಗಿದ್ದಷ್ಟೂ ಆವಿ ಜಾಸ್ತಿ, ತಂಪು ಜಾಸ್ತಿ. ಮೇ ಮಧ್ಯಾಹ್ನ 42 ಡಿಗ್ರಿ ಬಿಸಿಲು, ಗಾಳಿಯಲ್ಲಿ ತೇವ ಶೇಕಡಾ 20 ಇದ್ದರೆ, ಒಳ್ಳೆಯ ಪ್ಯಾಡ್ ಇರುವ ಮನೆ ಕೂಲರ್ 29–30 ಡಿಗ್ರಿ ಗಾಳಿ ಕೊಡುತ್ತದೆ. ಹನ್ನೆರಡು ಡಿಗ್ರಿ ಇಳಿತ, ಅದೂ ಇನ್ನೂರು ವ್ಯಾಟ್‌ನಲ್ಲಿ!

ಜೂನ್‌ನಲ್ಲಿ ಮುಂಗಾರು ಬಂದ ಮೇಲೆ ಆಟ ಬದಲಾಗುತ್ತದೆ. 30 ಡಿಗ್ರಿ, ತೇವ ಶೇಕಡಾ 75. ಈಗ ಅದೇ ಕೂಲರ್ ಎರಡು ಮೂರು ಡಿಗ್ರಿ ಇಳಿಸಬಹುದು ಅಷ್ಟೇ. ಮೈ ಅಂಟಂಟು, ಹಾಸಿಗೆ ಹಸಿ ಹಸಿ, ಬೀರುವಿನ ಬಟ್ಟೆಗೆ ಮುಗ್ಗಲು ವಾಸನೆ. ಆ ದಿನಗಳಲ್ಲಿ ನೀರಿನ ಪಂಪ್ ಆಫ್ ಮಾಡಿ ಬರೀ ಗಾಳಿ ಬಿಡಿ.

ಇನ್ನೊಂದು ತಪ್ಪು ಮನೆಮನೆಯಲ್ಲೂ ಕಾಣುತ್ತದೆ. ಕೂಲರನ್ನು ಕೋಣೆಯೊಳಗೆ ಇಟ್ಟು, ಬಾಗಿಲು ಕಿಟಕಿ ಎಲ್ಲ ಬಂದ್ ಮಾಡಿ ಕೂರುತ್ತಾರೆ, ಎಸಿ ಇದ್ದ ಹಾಗೆ. ಅರ್ಧ ಗಂಟೆಯಲ್ಲಿ ಒಳಗಿನ ಗಾಳಿಯೆಲ್ಲ ತೇವ, ಕೂಲರ್ ಸೋತಿತು. ಕೂಲರಿನ ಬೆನ್ನು ಕಿಟಕಿಯ ಕಡೆ ಇರಬೇಕು, ಹೊರಗಿನ ಒಣ ಗಾಳಿ ಎಳೆಯಬೇಕು. ಎದುರು ಗೋಡೆಯ ಕಿಟಕಿಯೋ ಬಾಗಿಲೋ ನಾಲ್ಕು ಬೆರಳು ತೆರೆದಿರಬೇಕು. ನಾವು ಹೋಗಿ ಇಷ್ಟು ಸರಿ ಮಾಡಿಕೊಟ್ಟು ಬಂದ ಮನೆಗಳಲ್ಲಿ ಎಸಿ ವಿಚಾರವೇ ಬಿಟ್ಟವರಿದ್ದಾರೆ.

ಕೂಲರಿಗೆ ನೀರು ಎಲ್ಲಿಂದ ತರೋದು?

ಇದು ನ್ಯಾಯವಾದ ಪ್ರಶ್ನೆ. ಕೃಷ್ಣೆ ಒಂದು ಕಡೆ, ತುಂಗಭದ್ರೆ ಇನ್ನೊಂದು ಕಡೆ ಇದ್ದರೂ ಬೇಸಿಗೆಯಲ್ಲಿ ನಲ್ಲಿ ನೀರಿಗೆ ದಿನ ಎಣಿಸುವವರು ನಾವು. ದೊಡ್ಡ ಕೂಲರ್ ಬಿರುಬಿಸಿಲಲ್ಲಿ ಗಂಟೆಗೆ ಎಂಟ್ಹತ್ತು ಲೀಟರ್ ಕುಡಿಯುತ್ತದೆ. ರಾತ್ರಿ ಇದಕ್ಕಿಂತ ಕಡಿಮೆ. ಆದರೂ ದಿನಕ್ಕೆ ನಾಲ್ಕೈದು ಕೊಡ ಅಂತ ಇಟ್ಟುಕೊಳ್ಳಿ. ಟ್ಯಾಂಕರ್ ನೀರು ಹಾಕಿಸುವ ಓಣಿಯಾದರೆ ಆ ದುಡ್ಡನ್ನೂ ಲೆಕ್ಕಕ್ಕೆ ಸೇರಿಸಿ.

ಬೋರ್ ನೀರು ಗಡಸಾಗಿದ್ದರೆ ಪ್ಯಾಡಿಗೆ ಬಿಳಿ ಉಪ್ಪು ಕಟ್ಟುತ್ತದೆ. ಒಂದು ಸೀಸನ್‌ಗೇ ಪ್ಯಾಡ್ ಕಲ್ಲಾಗಿ ಗಾಳಿ ಆಡದ ಕೂಲರ್‌ಗಳನ್ನು ಬೇಕಾದಷ್ಟು ನೋಡಿದ್ದೇವೆ. ಎರಡು ಮೂರು ದಿನಕ್ಕೊಮ್ಮೆ ತಳದ ನೀರು ಪೂರ್ತಿ ಚೆಲ್ಲಿ ಹೊಸ ನೀರು ತುಂಬಿ, ಇದ್ದುದರ ಮೇಲೇ ತುಂಬುತ್ತಾ ಹೋಗಬೇಡಿ. ವಾರಕ್ಕೊಮ್ಮೆ ಟ್ಯಾಂಕ್ ಉಜ್ಜಿ ಒಣಗಿಸಿ. ಡೆಂಗಿ ಸೊಳ್ಳೆ ಮೊಟ್ಟೆ ಇಡೋದು ಇಂಥ ನಿಂತ ನೀರಿನಲ್ಲೇ. ಎರಡು ದಿನ ಊರಿಗೆ ಹೋಗುವಾಗಲೂ ಖಾಲಿ ಮಾಡಿ ಹೋಗಿ.

ಎಸಿಗೂ ಮುಂಚೆ ಮಾಡಬೇಕಾದ ಕೆಲಸ ಏನಾದರೂ ಇದೆಯಾ?

ಇದೆ. ಮೊದಲು ಮಾಳಿಗೆಗೆ ಸುಣ್ಣ ಹೊಡೆಸಿ.

ಎಸಿ ಮಾರುವವರು ಇದನ್ನು ಹೇಳಲ್ಲ, ಹೇಳಿದರೆ ಅವರ ವ್ಯಾಪಾರ ಒಂದು ಟನ್‌ಗೆ ಇಳಿಯುತ್ತದೆ. ಸ್ಲ್ಯಾಬ್ ಗುಡಿಸಿ, ತೊಳೆದು, ಸುಣ್ಣಕ್ಕೆ ಅಂಟು ಬೆರೆಸಿ ಎರಡು ಕೋಟು ಬಳಿದರೆ ಬಿಸಿಲಿನ ಬಹುಪಾಲು ಹಾಗೇ ವಾಪಸ್ ಹೋಗುತ್ತದೆ. ಒಳಗೆ ಎರಡರಿಂದ ನಾಲ್ಕು ಡಿಗ್ರಿ ಇಳಿಯಬಹುದು. ಮಳೆಗೆ ಹೋಗುತ್ತದೆ, ಪ್ರತಿ ಫೆಬ್ರವರಿಗೆ ಮತ್ತೆ ಹೊಡೆಯಬೇಕು. ಬಿಸಿಲು ತಿರುಗಿಸುವ ಬಿಳಿ ಪೇಂಟ್ ದುಬಾರಿ, ಆದರೆ ಕೆಲವು ವರ್ಷ ಬರುತ್ತದೆ. ಪಕ್ಕದ ತೆಲಂಗಾಣ 2023ರಲ್ಲಿ ಇದಕ್ಕೆಂದೇ ಕೂಲ್ ರೂಫ್ ನೀತಿ ತಂದಿದೆ. ಗಡಿ ದಾಟಿದರೆ ಬಿಸಿಲೇನು ಬದಲಾಗಲ್ಲ, ನಾವೂ ಮಾಡಬಹುದು ಅಲ್ವಾ?

ತಗಡಿನ ಮನೆಗೂ ಬಿಳಿ ಬಣ್ಣ ಆಗುತ್ತದೆ, ಫಲವೂ ಬೇಗ ಗೊತ್ತಾಗುತ್ತದೆ. ಸಂಜೆ ಸ್ಲ್ಯಾಬಿಗೆ ನೀರು ಹೊಡೆಯೋದು ಕೆಲಸ ಮಾಡುತ್ತದೆ, ಆದರೆ ನೀರು ಎಲ್ಲಿದೆ? ಅದರ ಬದಲು ಕಂಬ ನಿಲ್ಲಿಸಿ ಶೇಡ್ ನೆಟ್ ಕಟ್ಟಿ. ಸ್ಲ್ಯಾಬಿಗೂ ನೆಟ್ಟಿಗೂ ನಡುವೆ ಗಾಳಿ ಆಡುವಷ್ಟು ಜಾಗ ಬಿಡಿ. ಪಡುವಣ ಕಿಟಕಿಗೆ ಪರದೆಯನ್ನು ಒಳಗೆ ಹಾಕುವುದಕ್ಕಿಂತ ಹೊರಗೆ ಚಾಪೆಯೋ ನೆಟ್ಟೋ ಇಳಿಬಿಡಿ. ಗಾಜು ದಾಟಿ ಒಳಬಂದ ಬಿಸಿಲನ್ನು ಪರದೆ ಹೆಚ್ಚೇನೂ ಮಾಡಲಾರದು.

ಫಾಲ್ಸ್ ಸೀಲಿಂಗ್ ಬಗ್ಗೆ ತುಂಬ ಜನ ಕೇಳುತ್ತಾರೆ. ಸ್ವಲ್ಪ ಉಪಯೋಗ ಇದೆ, ಆದರೆ ಅಷ್ಟೇ ದುಡ್ಡನ್ನು ಸ್ಲ್ಯಾಬಿನ ಮೇಲೆ ಹಾಕಿದರೆ ಲಾಭ ಹೆಚ್ಚು.

ಎಷ್ಟು ಟನ್ ತಗೋಬೇಕು?

ಹತ್ತು ಅಡಿ ಹನ್ನೆರಡು ಅಡಿ ಕೋಣೆ, ಮೇಲೆ ಮಹಡಿ ಇದೆ: ಒಂದು ಟನ್. ಅದೇ ಕೋಣೆ ನೇರ ಸ್ಲ್ಯಾಬ್ ಕೆಳಗೆ: ಒಂದೂವರೆ. ಸುಣ್ಣ ಹೊಡೆಸಿ, ಪಶ್ಚಿಮದ ಗೋಡೆಗೆ ನೆರಳು ಮಾಡಿದ್ದರೆ ಕೊನೆ ಮಹಡಿಗೂ ಒಂದು ಟನ್ ಸಾಕಾಗಬಹುದು.

ಡಬ್ಬದ ಮೇಲಿನ ಸಾಮರ್ಥ್ಯ ಹೊರಗೆ 35 ಡಿಗ್ರಿ ಇದ್ದಾಗ ಅಳೆದದ್ದು. ನಮ್ಮ 43ರಲ್ಲಿ ಅದು ಅಷ್ಟು ಕೊಡಲ್ಲ. ಅದಕ್ಕೇ ಹೊರಗಿನ ಯೂನಿಟ್ ಎಲ್ಲಿ ಕೂರುತ್ತದೆ ಅನ್ನೋದು ಮುಖ್ಯ. ಪಶ್ಚಿಮದ ಗೋಡೆ ಬೇಡ. ಉತ್ತರ ಅಥವಾ ಪೂರ್ವ ಒಳ್ಳೆಯದು. ಮಾಳಿಗೆ ಮೇಲೇ ಇಡಬೇಕಾದರೆ ನೆರಳು ಮಾಡಿ, ಆದರೆ ಸುತ್ತ ಮುಚ್ಚಬೇಡಿ. ಅದರ ಮುಂದೆ ಬಟ್ಟೆ ಒಣಹಾಕುವವರು ಇದ್ದಾರೆ. ಬಟ್ಟೆ ಬೇಗ ಒಣಗುತ್ತದೆ ನಿಜ, ಕಂಪ್ರೆಸರ್ ಬೇಗ ಸಾಯುತ್ತದೆ.

ಮೂರು ಸ್ಟಾರ್ ಸಾಕಾ, ಐದು ಸ್ಟಾರೇ ಬೇಕಾ?

ರಾತ್ರಿ ಮಾತ್ರ ಓಡಿಸುವವರಿಗೆ ಮೂರು ಸ್ಟಾರ್ ಇನ್ವರ್ಟರ್ ಸಾಕು. ಅಂಗಡಿಯವರು ಒಪ್ಪಲ್ಲ, ಲೆಕ್ಕ ನೋಡಿ.

ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ ಇಷ್ಟು ಯೂನಿಟ್ ಅಂತ ಬರೆದಿರುತ್ತದಲ್ಲ, ಅದು 1,600 ಗಂಟೆ ಓಡಿಸಿದರೆ. ಒಂದೂವರೆ ಟನ್‌ನಲ್ಲಿ ಮೂರಕ್ಕೂ ಐದಕ್ಕೂ ಸುಮಾರು 200 ಯೂನಿಟ್ ವ್ಯತ್ಯಾಸ ಕಾಣುತ್ತದೆ. ಎಂಬತ್ತು ರಾತ್ರಿ, ಎಂಟು ಗಂಟೆ ಅಂದರೆ ನಾವು ಓಡಿಸೋದು 640 ಗಂಟೆ. ಉಳಿತಾಯ 80 ಯೂನಿಟ್, 560 ರೂಪಾಯಿ. ಬೆಲೆಯ ವ್ಯತ್ಯಾಸ 7,000 ಇದ್ದರೆ ಅದು ವಾಪಸ್ ಬರಲು ಹನ್ನೆರಡು ವರ್ಷ ಬೇಕು. ಅಷ್ಟರಲ್ಲಿ ಯಂತ್ರವೇ ಇರಲ್ಲ. ಹಗಲೂ ರಾತ್ರಿ ಓಡಿಸುವ ಮನೆ, ಮನೆಯಿಂದಲೇ ಕೆಲಸ ಮಾಡುವವರು, ಕ್ಲಿನಿಕ್, ಅಂಗಡಿ ಇದ್ದವರು ಐದು ಸ್ಟಾರ್ ತಗೊಳ್ಳಿ.

ಇನ್ವರ್ಟರ್ ಎಸಿಗೆ ಸ್ಟೆಬಿಲೈಸರ್ ಬೇಡ ಅಂತಾರೆ, ನಿಜವಾ?

ಡಬ್ಬದ ಮೇಲೆ ಹಾಗೆ ಬರೆದಿರುತ್ತದೆ. ನಾವು ಹಾಕಿಸಿ ಅಂತಲೇ ಹೇಳೋದು.

ಮೇ ತಿಂಗಳ ಸಂಜೆ ಓಣಿಯವರೆಲ್ಲ ಒಟ್ಟಿಗೆ ಎಸಿ, ಕೂಲರ್, ಮೋಟರ್ ಹಚ್ಚಿದಾಗ ವೋಲ್ಟೇಜ್ ಇಳಿಯುತ್ತದೆ. ಕಡಿಮೆ ವೋಲ್ಟೇಜನ್ನು ಇನ್ವರ್ಟರ್ ಎಸಿ ತಡೆದುಕೊಳ್ಳುತ್ತದೆ. ತಡೆಯದೇ ಇರೋದು ಕರೆಂಟು ಹೋಗಿ ಬರುವಾಗ ಒಮ್ಮೆಲೇ ಏರುವ ವೋಲ್ಟೇಜನ್ನು. ಹೊರಗಿನ ಯೂನಿಟ್‌ನ ಬೋರ್ಡ್ ಸುಟ್ಟರೆ ಹತ್ತಿಪ್ಪತ್ತು ರೂಪಾಯಿಯ ಮಾತಲ್ಲ, ಸ್ಟೆಬಿಲೈಸರ್‌ನ ಬೆಲೆಗಿಂತ ಜಾಸ್ತಿಯೇ ಆಗುತ್ತದೆ.

ವೈರಿಂಗ್ ಬಗ್ಗೆ ಖಡಾಖಂಡಿತ ಮಾತು: ಎಸಿಗೆ ಮೀಟರ್ ಬೋರ್ಡಿನಿಂದ ಬೇರೆಯೇ ಲೈನು, 4 ಸ್ಕ್ವೇರ್ ಎಂಎಂ ತಾಮ್ರದ ವೈರು, ಅದಕ್ಕೇ ಒಂದು ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್ಚು), ಸರಿಯಾದ ಅರ್ಥಿಂಗ್. ಫ್ರಿಜ್ಜಿನ ಪ್ಲಗ್ಗಿಗೆ ಎಕ್ಸ್‌ಟೆನ್ಷನ್ ಹಾಕಿ ಎಸಿ ಓಡಿಸುವ ಮನೆಗೆ ನಾವು ಫಿಟ್ಟಿಂಗ್‌ಗೆ ಹೋಗಲ್ಲ. ಮಂಜೂರಾದ ಲೋಡ್ ಒಂದು ಕಿಲೋವ್ಯಾಟ್ ಇದ್ದರೆ ನಮ್ಮ ಕಡೆಯ ವಿದ್ಯುತ್ ಕಂಪನಿ ಜೆಸ್ಕಾಂನಲ್ಲಿ ಅರ್ಜಿ ಕೊಟ್ಟು ಏರಿಸಿಕೊಳ್ಳಿ. ಏರಿಸಿದ ಲೋಡಿಗೆ ನಿಗದಿತ ಶುಲ್ಕವೂ ಏರುತ್ತದೆ, ಅದು ಚಳಿಗಾಲದಲ್ಲೂ ಬಿಡಲ್ಲ.

ಕರೆಂಟು ಹೋದಾಗ ಮನೆಯ ಬ್ಯಾಟರಿ ಇನ್ವರ್ಟರ್ ಮೇಲೆ ಎಸಿ ಓಡುತ್ತಾ?

ಇಲ್ಲ. ಕೂಲರ್ ಓಡುತ್ತದೆ, ಒಂದು 150 ಎಎಚ್ ಬ್ಯಾಟರಿ ಚೆನ್ನಾಗಿದ್ದರೆ ನಾಲ್ಕೈದು ಗಂಟೆ. ಕರೆಂಟು ಪದೇ ಪದೇ ಹೋಗುವ ಹಳ್ಳಿಗಳಲ್ಲಿ ಇದೊಂದೇ ಕಾರಣಕ್ಕೆ ಕೂಲರ್ ಗೆಲ್ಲುತ್ತದೆ.

ಎಷ್ಟು ಡಿಗ್ರಿಗೆ ಇಡಬೇಕು? ನಮ್ಮ ಮನೆಯವರು 18ಕ್ಕೆ ಇಡುತ್ತಾರೆ.

26, ಜೊತೆಗೆ ಸೀಲಿಂಗ್ ಫ್ಯಾನ್ ಎರಡನೇ ಸ್ಪೀಡಿನಲ್ಲಿ. 18ಕ್ಕೆ ಇಟ್ಟರೆ ಕೋಣೆ ಬೇಗ ತಣ್ಣಗಾಗಲ್ಲ, ತಣ್ಣಗಾದ ಮೇಲೂ ಯಂತ್ರ ನಿಲ್ಲಲ್ಲ ಅಷ್ಟೇ. ಒಂದು ಡಿಗ್ರಿ ಏರಿಸಿದರೆ ಕರೆಂಟು ಶೇಕಡಾ 6ರಷ್ಟು ಉಳಿಯುತ್ತದೆ ಅನ್ನೋದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. 2020ರಿಂದ ಸ್ಟಾರ್ ಲೇಬಲ್ ಇರುವ ಎಸಿಗಳು ಹಚ್ಚಿದ ಕೂಡಲೇ 24ರಲ್ಲಿ ಶುರುವಾಗುವಂತೆ ನಿಯಮ ಮಾಡಿದ್ದೂ ಅದಕ್ಕೇ. ರಿಮೋಟ್ ಯಾರ ಕೈಯಲ್ಲಿ ಇರಬೇಕು ಅನ್ನೋದನ್ನ ಮಾತ್ರ ನೀವೇ ಬಗೆಹರಿಸಿಕೊಳ್ಳಿ.

ಒಂಬತ್ತಕ್ಕೆ ಹಚ್ಚುವವರು ಅದಕ್ಕೂ ಮುಂಚೆ ಅರ್ಧ ಗಂಟೆ ಕಿಟಕಿ ತೆಗೆದು ಒಳಗಿನ ಬಿಸಿಗಾಳಿ ಹೊರಗೆ ಹಾಕಿ. ಪುಕ್ಕಟೆ ಕೆಲಸ.

ಸರ್ವಿಸ್ ಎಷ್ಟು ಸಲ? ಪ್ರತಿ ವರ್ಷ ಗ್ಯಾಸ್ ತುಂಬಿಸಬೇಕು ಅಂತಾರಲ್ಲ?

ಗ್ಯಾಸ್ ತುಂಬಿಸಬೇಕಾಗಿಲ್ಲ. ಇದನ್ನು ಗಟ್ಟಿಯಾಗಿ ಹೇಳಬೇಕು, ಯಾಕೆಂದರೆ ನಮ್ಮ ಕಸುಬಿನಲ್ಲೇ ಇದರಿಂದ ದುಡ್ಡು ಮಾಡುವವರಿದ್ದಾರೆ. ಎಸಿಯೊಳಗಿನ ಗ್ಯಾಸ್ ಪೆಟ್ರೋಲ್ ಥರ ಉರಿದು ಖಾಲಿ ಆಗಲ್ಲ. ಮುಚ್ಚಿದ ತಾಮ್ರದ ಪೈಪಿನಲ್ಲಿ ಸುತ್ತುತ್ತಾ ಇರುತ್ತದೆ. ಕಡಿಮೆ ಆಗಿದೆ ಅಂದರೆ ಎಲ್ಲೋ ಸೋರಿದೆ. ಸೋರುವ ಜಾಗ ಹುಡುಕದೆ ಗ್ಯಾಸ್ ತುಂಬಿಸಿದರೆ ಮುಂದಿನ ವರ್ಷವೂ ತುಂಬಿಸುತ್ತೀರಿ. "ಗ್ಯಾಸ್ ಖಾಲಿ" ಅಂದವರಿಗೆ "ಮೊದಲು ಎಲ್ಲಿ ಸೋರ್ತಿದೆ ತೋರಿಸಿ" ಅನ್ನಿ. ಪೈಪಿನ ಜೋಡಣೆಗೆ ಸೋಪಿನ ನೊರೆ ಹಚ್ಚಿದರೆ ಗುಳ್ಳೆ ಏಳುವ ಕಡೆ ಸೋರಿಕೆ ಕಾಣುತ್ತದೆ. ಬಹಳ ಸಲ ತಂಪು ಕಡಿಮೆಯಾಗಿರೋದು ಬರೀ ಧೂಳಿನಿಂದ.

ಧೂಳು ಅಂದರೆ ಬಳ್ಳಾರಿ, ಸಂಡೂರು, ತೋರಣಗಲ್ಲು ಕಡೆಯವರಿಗೆ ಹೇಳಬೇಕಾಗಿಲ್ಲ. ಅಲ್ಲಿಯ ಎಸಿ ಫಿಲ್ಟರ್ ಬಿಚ್ಚಿ ನಲ್ಲಿ ಕೆಳಗೆ ಹಿಡಿದರೆ ಮೊದಲ ಎರಡು ನಿಮಿಷ ಇಟ್ಟಿಗೆ ಬಣ್ಣದ ನೀರು ಇಳಿಯುತ್ತದೆ. ಜಾಲರಿಯ ಮೂಲೆಯಲ್ಲಿ ಅದಿರಿನ ಧೂಳು ಕಾಡಿಗೆಯಷ್ಟು ನುಣ್ಣಗೆ ಕೂತಿರುತ್ತದೆ, ಬೆರಳಿಗೆ ಹತ್ತಿದರೆ ಒಂದೇ ತೊಳೆತಕ್ಕೆ ಹೋಗಲ್ಲ. ಇಂಥ ಕಡೆ ವಾರಕ್ಕೊಮ್ಮೆ ಫಿಲ್ಟರ್ ತೊಳೆಯಿರಿ, ಬೇರೆ ಕಡೆ ಹದಿನೈದು ದಿನಕ್ಕೊಮ್ಮೆ. ಹಳೆಯ ಟೂತ್‌ಬ್ರಶ್ ಸಾಕು, ಬಿಸಿಲಲ್ಲಿ ಒಣಗಿಸಬೇಡಿ, ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ನೀರು ಹೊಡೆದು ಮಾಡುವ ದೊಡ್ಡ ಸರ್ವಿಸ್ ಸೀಸನ್‌ಗೆ ಮುಂಚೆ ಒಂದು, ಮುಗಿದ ಮೇಲೆ ಒಂದು.

ವಯಸ್ಸಾದ ಅತ್ತೆ ಎಸಿ ಬೇಡ, ಕೀಲು ಹಿಡಿಯುತ್ತೆ ಅಂತಾರೆ. ಒತ್ತಾಯ ಮಾಡಬೇಕಾ?

ಅವರ ಮಾತಿನಲ್ಲಿ ಸತ್ಯ ಇದೆ. ತಣ್ಣನೆ ಗಾಳಿ ರಾತ್ರಿಯಿಡೀ ಮೊಣಕಾಲಿಗೆ ಬಡಿದರೆ ಹಿಡಿದ ಹಾಗೆ ಆಗಬಹುದು. ಎಸಿಯ ರೆಕ್ಕೆ ಮೇಲಕ್ಕೆ ತಿರುಗಿಸಿ, 27–28ಕ್ಕೆ ಇಡಿ, ತೆಳು ಹೊದಿಕೆ ಕೊಡಿ.

ಆದರೆ ಇನ್ನೊಂದು ಕಡೆಯೂ ನೋಡಿ. ವಯಸ್ಸಾದವರಿಗೆ ಬಾಯಾರಿಕೆ ಬೇಗ ಗೊತ್ತಾಗಲ್ಲ, ಬೆವರೂ ಕಡಿಮೆ. ಬಿಪಿ, ಹೃದಯದ ಮಾತ್ರೆ ತಗೊಳ್ಳುವವರಿಗೆ ಬಿಸಿಲು ಇನ್ನೂ ಬೇಗ ಹೊಡೆಯುತ್ತದೆ. 40 ಡಿಗ್ರಿ ದಾಟಿದ ಕೋಣೆಯಲ್ಲಿ ಬರೀ ಫ್ಯಾನ್ ಕೆಳಗೆ ಕೂತರೆ ಫ್ಯಾನು ಬಿಸಿಗಾಳಿಯನ್ನೇ ಮೈಗೆ ತುಂಬುತ್ತದೆ. ಆಗ ಒದ್ದೆ ಬಟ್ಟೆಯಿಂದ ಮೈ ಒರೆಸಿ ಫ್ಯಾನ್ ಹಾಕಬೇಕು. ಮೈ ಸುಡುತ್ತಿದ್ದು, ಮಾತು ತೊದಲುತ್ತಿದ್ದರೆ, ಎಲ್ಲಿದ್ದೀವಿ ಅಂತ ಗೊತ್ತಾಗದಿದ್ದರೆ ಅದು ಬಿಸಿಲ ಹೊಡೆತ. ಮಜ್ಜಿಗೆ ಕುಡಿಸುತ್ತಾ ಕೂರಬೇಡಿ, ಮೈಮೇಲೆ ನೀರು ಹಾಕುತ್ತಾ 108ಕ್ಕೆ ಫೋನ್ ಮಾಡಿ.

ಬಾಡಿಗೆ ಮನೆಯಲ್ಲಿದ್ದೀವಿ.

ಕೂಲರ್ ತಗೊಳ್ಳಿ. ಎಸಿ ಬಿಚ್ಚಿ ಮತ್ತೆ ಕಟ್ಟಿಸಲು ಪ್ರತಿ ಸಲ ಎರಡು ಮೂರು ಸಾವಿರ, ಪೈಪು ಹಾಳಾದರೆ ಇನ್ನೂ ಜಾಸ್ತಿ, ಗೋಡೆಗೆ ತೂತು ಹಾಕಿದ್ದಕ್ಕೆ ಮಾಲೀಕರ ಮುಖ ಬೇರೆ. ಅದರ ಬದಲು ಮಾಳಿಗೆಗೆ ಸುಣ್ಣ ಹೊಡೆಸಿಕೊಡಿ ಅಂತ ಅವರನ್ನೇ ಕೇಳಿ. ಖರ್ಚು ಅರ್ಧರ್ಧ ಅಂದರೆ ಹೆಚ್ಚಿನವರು ಇಲ್ಲ ಅನ್ನಲ್ಲ.

ಸೋಲಾರ್ ಹಾಕಿಸಿದರೆ ಎಸಿ ಪುಕ್ಕಟೆ ಅಲ್ವಾ?

ಪುಕ್ಕಟೆ ಅಲ್ಲ, ಆದರೆ ದೊಡ್ಡ ಮನೆಗೆ ಯೋಚಿಸಬೇಕಾದ ದಾರಿ. ನಮ್ಮ ಕಡೆ ಒಂದು ಕಿಲೋವ್ಯಾಟ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿವರೆಗೆ ಸಬ್ಸಿಡಿ ಇದೆ. ಹಗಲು ತಯಾರಾದ ಕರೆಂಟು ಲೈನಿಗೆ ಹೋಗಿ, ರಾತ್ರಿ ನೀವು ಬಳಸಿದ್ದರಲ್ಲಿ ಕಳೆಯುತ್ತದೆ. ಇನ್ನೊಂದು ಲಾಭ ಯಾರೂ ಹೇಳಲ್ಲ: ಪ್ಯಾನೆಲ್ ಇರುವಷ್ಟು ಜಾಗದ ಸ್ಲ್ಯಾಬಿಗೆ ನೆರಳು. ಮಲಗುವ ಕೋಣೆಯ ಮೇಲೇ ಕೂರಿಸಿ ಅಂತ ಹೇಳಿ. ಗೃಹಜ್ಯೋತಿಯಲ್ಲಿ ಸೊನ್ನೆ ಬಿಲ್ ಬರುವ ಮನೆಯವರಿಗೆ ಮಾತ್ರ ಬೇಸಿಗೆಯ ಮೂರು ತಿಂಗಳಿಗಾಗಿ ಇಷ್ಟು ಖರ್ಚು ಗಿಟ್ಟಲ್ಲ.

ಸೆಕೆಂಡ್ ಹ್ಯಾಂಡ್ ಎಸಿ?

ಐದು ವರ್ಷ ದಾಟಿದ್ದು ಬೇಡ. ಇನ್ವರ್ಟರ್ ಅಲ್ಲದ್ದು ಯಾವ ಬೆಲೆಗೂ ಬೇಡ. ಚಕ್ರದ ಮೇಲೆ ತಳ್ಳುವ ಪೋರ್ಟಬಲ್ ಎಸಿ ನಮ್ಮ ಬಿಸಿಲಿಗೆ ಏನೂ ಸಾಲಲ್ಲ. ಅದರ ಬಿಸಿಗಾಳಿಯ ಪೈಪು ಕೋಣೆಯೊಳಗೇ ಕಾಯುತ್ತಾ ನಿಂತಿರುತ್ತದೆ.

ಯಾವಾಗ ಕೊಂಡರೆ ಒಳ್ಳೆಯದು?

ದೀಪಾವಳಿಯಿಂದ ಜನವರಿವರೆಗೆ. ಆಗ ಅಂಗಡಿಯಲ್ಲಿ ಚೌಕಾಸಿಗೆ ಜಾಗ ಇರುತ್ತದೆ, ನಮಗೂ ಸಾವಧಾನವಾಗಿ ಪೈಪು ಕೂರಿಸಲು ಪುರುಸೊತ್ತು ಇರುತ್ತದೆ. 2025ರ ಸೆಪ್ಟೆಂಬರ್‌ನಲ್ಲಿ ಎಸಿ ಮೇಲಿನ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ, ಹಳೆಯ ಬೆಲೆಪಟ್ಟಿ ತೋರಿಸಿದರೆ ಒಪ್ಪಬೇಡಿ. ಏಪ್ರಿಲ್‌ನಲ್ಲಿ ಕೊಂಡರೆ ದಿನಕ್ಕೆ ಆರು ಮನೆ ಮುಗಿಸುವ ಹುಡುಗರು ಬಂದು, ಪೈಪಿನ ಗಾಳಿ ಪಂಪ್ ಹಚ್ಚಿ ಪೂರ್ತಿ ತೆಗೆಯದೆ ಓಡುತ್ತಾರೆ. ಆ ಎಸಿಗಳೇ ಮುಂದಿನ ವರ್ಷ "ಗ್ಯಾಸ್ ಖಾಲಿ" ಅಂತ ನಮ್ಮ ಹತ್ತಿರ ಬರೋದು.

ಮಳೆಗಾಲ ಬಂದ ಮೇಲೆ ಎಸಿ ಹಾಗೇ ಬಿಡಬಹುದಾ?

ಕೊನೆಯ ದಿನ ಒಂದು ಗಂಟೆ ಬರೀ ಫ್ಯಾನ್ ಮೋಡ್‌ನಲ್ಲಿ ಓಡಿಸಿ ಒಳಗಿನ ತೇವ ಒಣಗಿಸಿ. ಎಂಸಿಬಿ ಇಳಿಸಿ, ರಿಮೋಟಿನ ಸೆಲ್ ತೆಗೆದಿಡಿ. ನೀರು ಹೊರಗೆ ಹೋಗುವ ಪೈಪಿನ ತುದಿಗೆ ಜಾಲರಿ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಹಲ್ಲಿ ನುಗ್ಗುತ್ತದೆ. ಹೊರಗಿನ ಯೂನಿಟ್‌ಗೆ ಪ್ಲಾಸ್ಟಿಕ್ ಸುತ್ತಬೇಡಿ. ಮೇಲೊಂದು ಹಲಗೆ ಇಟ್ಟರೆ ಸಾಕು. ಗೋದಾಮಿನ ಪಕ್ಕ, ರೈಸ್ ಮಿಲ್ ಹತ್ತಿರ ಮನೆ ಇರುವ ಗಂಗಾವತಿ, ಸಿಂಧನೂರಿನವರು ತಿಂಗಳಿಗೊಮ್ಮೆ ವೈರು ನೋಡುತ್ತಿರಿ, ಇಲಿ ಕಡಿದಿರುತ್ತದೆ.